ಬಾಲ್‌ಪೆನ್ನಿನ ಗೀರು, ಇಲ್ಲದ ಮನೆತನದ ಕಥೆ

ಚಿತ್ರಕಲೆ ಕಲಿಸಲು ಆರಂಭಿಸಿದ ಮೊದಲ ವರ್ಷಗಳಲ್ಲಿ ಒಂದು ತಪ್ಪು ಪಾಠವನ್ನು ನಾನು ಬಹಳ ನಿಷ್ಠೆಯಿಂದ ಹೇಳಿಕೊಟ್ಟಿದ್ದೇನೆ. ಮೈಬಣ್ಣ ಬೆರೆಸಲು ನನ್ನ ಗುರುಗಳು ಕೊಟ್ಟಿದ್ದ ಸೂತ್ರ ಅದು: ಬಿಳಿ, ಹಳದಿ ಓಕರ್, ಚಿಟಿಕೆ ಕೆಂಪು. ಕಪ್ಪು ಮೈಯಾದರೆ ಅದೇ ಮಿಶ್ರಣಕ್ಕೆ ಬರ್ಂಟ್ ಅಂಬರ್ ಎಂಬ ಕಡುಕಂದು ಬಣ್ಣ ಸುರಿದು ‘ಇಳಿಸು’. ಅಂದರೆ ಬಿಳಿ ಮೈ ಮೂಲ, ಕಪ್ಪು ಮೈ ಅದಕ್ಕೆ ಕತ್ತಲು ಕವಿದ ರೂಪ. ಒಮ್ಮೆ ಯಲ್ಲಾಪುರದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗನೊಬ್ಬ ನಮ್ಮ ತರಗತಿಗೆ ಮಾಡೆಲ್ ಆಗಿ ಕುಳಿತಿದ್ದ. ಹದಿನೈದು ವಿದ್ಯಾರ್ಥಿಗಳು ಹದಿನೈದು ಚಿತ್ರ ಬರೆದರು. ಎಲ್ಲದರಲ್ಲೂ ಮಸಿ ಬಳಿದ ಕೆನ್ನೆ, ಬೆಳ್ಳಗೆ ಹೊಳೆಯುವ ಹಲ್ಲು. ಹುಡುಗ ಆ ಮೂರು ಗಂಟೆಯಲ್ಲಿ ಒಮ್ಮೆಯೂ ನಕ್ಕಿರಲಿಲ್ಲ. ಗೋಡೆಗೆ ಅಂಟಿಸಿದ ಚಿತ್ರಗಳನ್ನು ನೋಡಿ ಅವನು ಕೇಳಿದ್ದು ಇಷ್ಟೇ: “ಇವರೆಲ್ಲ ಯಾರು ಸರ್?”

ಹಲ್ಲು ಎಲ್ಲಿಂದ ಬಂತು? ಎದುರಿಗೆ ಕುಳಿತವನ ಮುಖದಿಂದಲ್ಲ. ವಿದ್ಯಾರ್ಥಿಗಳು ಮೊದಲೇ ಎಲ್ಲೋ ನೋಡಿ ತಲೆಯಲ್ಲಿಟ್ಟುಕೊಂಡಿದ್ದ ಅಚ್ಚಿನಿಂದ. ಅಚ್ಚು ಇದ್ದಲ್ಲಿ ಕಣ್ಣು ಕೆಲಸ ಮಾಡುವುದಿಲ್ಲ, ಕೈ ಮಾತ್ರ ಮಾಡುತ್ತದೆ.

ಈ ಅಚ್ಚನ್ನು ಮುರಿಯುವ ಬಗೆಯನ್ನು ನಾನು ಕಲಿತದ್ದು ಟೋಯಿನ್ ಓಜಿ ಒಡುಟೋಲಾ ಎಂಬ ಕಲಾವಿದೆಯ ಚಿತ್ರಗಳಿಂದ. 1985ರಲ್ಲಿ ನೈಜೀರಿಯಾದ ಇಫೆಯಲ್ಲಿ ಹುಟ್ಟಿದವರು. ತಾಯಿ ಅಲ್ಲಿನ ಇಗ್ಬೊ ಜನಾಂಗದವರು, ತಂದೆ ಯೊರುಬಾ ಜನಾಂಗದವರು. ಐದನೆಯ ವಯಸ್ಸಿಗೆ ಅಮೆರಿಕಕ್ಕೆ ಹೋಗಿ, ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ ಬೆಳೆದರು. ಅವರ ಆರಂಭದ ಚಿತ್ರಗಳು ಹೆಚ್ಚಾಗಿ ಬಾಲ್‌ಪೆನ್ನಿನವು. ನಾವು ಹಾಲಿನ ಲೆಕ್ಕ ಬರೆಯುತ್ತೇವಲ್ಲ, ಅದೇ ಪೆನ್ನು.

ಬಾಲ್‌ಪೆನ್ನಿನ ಶಾಯಿ ನೀರಿನದಲ್ಲ, ಎಣ್ಣೆಯಂಥ ಅಂಟು. ಒಂದು ಗೀರು ಎಳೆದರೆ ಬೂದು. ಅದರ ಮೇಲೆ ಓರೆಯಾಗಿ ಇನ್ನೊಂದು, ಮತ್ತೊಂದು ಎಳೆಯುತ್ತ ಒತ್ತಿದರೆ ಕಪ್ಪು. ಇನ್ನೂ ಒತ್ತುತ್ತ ಹೋದರೆ ಹಾಳೆ ತುಂಬಿ, ಶಾಯಿ ಮೇಲೇ ನಿಂತು, ಬೆಳಕಿಗೆ ತಾಮ್ರದ ಹೊಳಪು ಕೊಡುತ್ತದೆ. ಕಪ್ಪಿನ ತುದಿಯಲ್ಲಿ ಕಪ್ಪಿಲ್ಲ, ಬೆಳಕಿದೆ! ಒಡುಟೋಲಾ ಇದನ್ನೇ ಹಿಡಿದರು. ಅವರು ಬರೆದ ಕೆನ್ನೆಯಲ್ಲಿ ಗೀರುಗಳು ಸ್ನಾಯುವಿನ ಎಳೆಗಳಂತೆ, ಬಾಚಿದ ಕೂದಲಿನಂತೆ ಒಂದೊಂದು ದಿಕ್ಕಿಗೆ ಹರಿಯುತ್ತವೆ. ನಡುವೆ ಹಾಳೆಯ ಬಿಳಿ ಅಲ್ಲಲ್ಲಿ ಇಣುಕುತ್ತದೆ. ನಾವು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಹೊಳಪೂ ಸರಿಯುತ್ತದೆ. ‘ಕರಿ ಮೈ’ ಎಂದು ಒಂದೇ ಮಾತಿನಲ್ಲಿ ಮುಗಿಸಲು ಆ ಚಿತ್ರ ಬಿಡುವುದಿಲ್ಲ. ಮುಂದೆ ಒಂದು ಸರಣಿಯಲ್ಲಿ ಅವರು ಹೆಸರಾಂತ ಬಿಳಿಯ ಗಂಡಸರ ಮುಖಗಳನ್ನೂ ಇದೇ ಕಪ್ಪು ಗೀರುಗಳಲ್ಲಿ ಬರೆದರು. ಈಗ ಆ ಗಂಡಸರು ಕರಿಯರೇ? ತುಂಟತನದ ಪ್ರಶ್ನೆ ನಿಜ, ಆದರೆ ಉತ್ತರಿಸಲು ಹೊರಟರೆ ಬಾಯಿ ಕಟ್ಟುತ್ತದೆ.

ಕಥೆ ಹೇಳುವ ಕೆಲಸಕ್ಕೆ ಅವರು ಪೂರ್ತಿಯಾಗಿ ಇಳಿದದ್ದು ಆಮೇಲೆ. 2017ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಆಳೆತ್ತರದ ಚಿತ್ರಗಳ ಪ್ರದರ್ಶನ ಮಾಡಿದರು. ಇಲ್ಲಿ ಪೆನ್ನು ಹೋಗಿ ಇದ್ದಿಲು, ಪ್ಯಾಸ್ಟೆಲ್, ಪೆನ್ಸಿಲ್ ಬಂದಿದ್ದವು. ಬಾಗಿಲಲ್ಲೇ ಒಂದು ಪತ್ರ: ಇವು ನೈಜೀರಿಯಾದ ಎರಡು ಶ್ರೀಮಂತ ಮನೆತನಗಳ ಖಾಸಗಿ ಸಂಗ್ರಹ, ದಯಮಾಡಿ ನೋಡಿ ಎಂದು. ಕೆಳಗೆ ಉಪ ಆಪ್ತ ಕಾರ್ಯದರ್ಶಿಯಾಗಿ ಸಹಿ ಹಾಕಿದವರು ಸ್ವತಃ ಒಡುಟೋಲಾ. ಉಮುಎಜೆ ಅಮಾರಾ ಮತ್ತು ಒಬಾಫೆಮಿ ಎಂಬ ಆ ಮನೆತನಗಳು ಎಲ್ಲೂ ಇಲ್ಲ. ಒಂದು ಇಗ್ಬೊ ಹೆಸರು, ಒಂದು ಯೊರುಬಾ ಹೆಸರು; ಅಪ್ಪ ಅಮ್ಮನ ಕಡೆಯ ಎರಡು ಹೊಳೆಗಳು ಸದ್ದಿಲ್ಲದೆ ಕಥೆಯೊಳಗೆ ಬಂದು ಸೇರಿವೆ. ಈ ಎರಡು ಮನೆಗಳನ್ನು ಬೆಸೆದದ್ದು ಒಂದು ಮದುವೆ, ಇಬ್ಬರು ಗಂಡಸರ ಮದುವೆ.

ಪತ್ರದಲ್ಲಿ ಇದಕ್ಕೆ ಡೊಳ್ಳು ಡಂಗುರವಿಲ್ಲ. ಬೀಗರ ಸುದ್ದಿ ಹೇಳುವಂತೆ ಹೇಳಿ ಮುಂದೆ ಹೋಗುತ್ತದೆ. 2014ರ ಕಾನೂನಿನ ಪ್ರಕಾರ ನೈಜೀರಿಯಾದಲ್ಲಿ ಇಂಥ ಮದುವೆಗೆ 14 ವರ್ಷಗಳವರೆಗೆ ಜೈಲು ಶಿಕ್ಷೆಯಿದೆ ಎಂಬುದನ್ನು ನೆನಪಿಟ್ಟುಕೊಂಡು ಆ ಸಾಲನ್ನು ಓದಬೇಕು. ಒಂದೇ ಸಾಲಿಗೆ ಎರಡು ಏಟು. ಆಫ್ರಿಕಾ ಎಂದರೆ ಹಸಿದ ಮಗು, ಬಂದೂಕು, ಕಾಡು ಎಂದುಕೊಂಡ ಹೊರಗಿನವರಿಗೆ ಒಂದು. ನಮ್ಮ ಸಂಸ್ಕೃತಿಯಲ್ಲಿ ಇಂಥದ್ದೆಲ್ಲ ಇಲ್ಲ ಎನ್ನುವ ಒಳಗಿನವರಿಗೆ ಇನ್ನೊಂದು. ‘ನಾವು ನೀವು ಅಂದುಕೊಂಡಂತಿಲ್ಲ’ ಎಂದು ವಾದಕ್ಕೆ ನಿಂತರೆ ಚರ್ಚೆಯ ವಿಷಯವನ್ನು ಎದುರಾಳಿಯೇ ಗೊತ್ತುಮಾಡಿದಂತಾಗುತ್ತದೆ. ಒಡುಟೋಲಾ ವಾದಿಸುವುದಿಲ್ಲ. ಆ ಮಾತೇ ಏಳದಂಥ ಒಂದು ಲೋಕ ಕಟ್ಟಿ, ನಮ್ಮನ್ನು ಅದರ ಪಡಸಾಲೆಯಲ್ಲಿ ಅತಿಥಿಗಳಾಗಿ ಕೂರಿಸುತ್ತಾರೆ.

ನನಗೂ ಒಂದು ತಕರಾರಿತ್ತು. ಬಡತನದ ಅಚ್ಚಿಗೆ ಸಿರಿವಂತಿಕೆಯೇ ಉತ್ತರವೇ? ರೇಷ್ಮೆಯ ಸೋಫಾ ಇಲ್ಲದಿದ್ದರೆ ಘನತೆ ಬರುವುದಿಲ್ಲವೇ? ಅವರ ಮುಂದಿನ ಕೆಲಸ ಕಂಡಾಗ ಆ ತಕರಾರು ಸಡಿಲವಾಯಿತು. 2020ರಲ್ಲಿ ಲಂಡನ್ನಿನ ಬಾರ್ಬಿಕನ್ ಕಲಾಕೇಂದ್ರದಲ್ಲಿ, ಕೋವಿಡ್‌ನಿಂದ ತಡವಾಗಿ ತೆರೆದ ಪ್ರದರ್ಶನದಲ್ಲಿ, ನಲವತ್ತು ಚಿತ್ರಗಳು ಒಂದು ಪುರಾಣವನ್ನು ಹೇಳಿದವು. ಮಧ್ಯ ನೈಜೀರಿಯಾದ ಬಂಡೆಗಳ ಸೀಮೆಯನ್ನು ನೆನಪಿಸುವ ನಾಡು. ಎಶು ಎಂಬ ಹೆಂಗಸರು ಅಲ್ಲಿ ಆಳುವವರು. ಕೋಬಾ ಎಂಬ ಗಂಡಸರು ಅವರ ಕೈಕೆಳಗೆ ದುಡಿಯುವವರು. ಯಜಮಾನರೂ ಕರಿಯರು, ಆಳುಗಳೂ ಕರಿಯರು. ಬಣ್ಣವನ್ನು ಕಾರಣವಾಗಿ ತೋರಿಸಲು ಸಾಧ್ಯವೇ ಇಲ್ಲದ ಕಡೆ ದಬ್ಬಾಳಿಕೆಯನ್ನು ಅದರ ಹೆಸರಿನಿಂದಲೇ ಕರೆಯಬೇಕಾಗುತ್ತದೆ. ನನ್ನ ಮಟ್ಟಿಗೆ ಅವರ ಅತ್ಯಂತ ದಿಟ್ಟ ಕೃತಿ ಇದು.

ಲಂಡನ್ನಿನ ಕಲಾವಿದೆ ಲಿನೆಟ್ ಯಿಯಾಡೊಮ್-ಬೊವಾಕ್ಯೆ ಒಡುಟೋಲಾ ಅವರಿಗಿಂತ ತುಸು ಹಿರಿಯರು, ಘಾನಾದಿಂದ ಬಂದ ದಾದಿಯರ ಮಗಳು. ಅವರು ಬರೆಯುವ ಜನರೂ ನಿಜವಾಗಿ ಇರುವವರಲ್ಲ, ಎಲ್ಲರೂ ಕಲ್ಪಿತರೇ. ಆ ಕಲ್ಪಿತರ ಕಾಲಿಗೆ ಚಪ್ಪಲಿ ಬೂಟು ಹಾಕುವುದು ಅಪರೂಪ, ಏಕೆಂದರೆ ಬೂಟು ಕಂಡರೆ ನೋಡುಗ ಕೂಡಲೇ ಕಾಲವನ್ನೂ ಅಂತಸ್ತನ್ನೂ ಲೆಕ್ಕ ಹಾಕಿಬಿಡುತ್ತಾನೆ. ಇಷ್ಟು ಸಣ್ಣ ಉಪಾಯ. ಅಚ್ಚು ಬಂದು ಕೂರುವ ಜಾಗವನ್ನೇ ತೆಗೆದುಬಿಡುವುದು.

ನಮ್ಮಲ್ಲಿಯೂ ಆಫ್ರಿಕಾದ ಬೇರುಳ್ಳ ಜನ ಶತಮಾನಗಳಿಂದ ಇದ್ದಾರೆ. ಉತ್ತರ ಕನ್ನಡದ ಸಿದ್ದಿಯರನ್ನು ನಾವು ಕಂಡದ್ದು ಹೇಗೆ? 1987ರ ಸುಮಾರಿಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಅವರ ಮಕ್ಕಳನ್ನು ಆರಿಸಿ ತಂದು ಓಟ, ಎಸೆತ ಕಲಿಸಿತು. ಆಫ್ರಿಕಾದ ಮೈಕಟ್ಟು ಪದಕ ತಂದೀತು ಎಂಬ ಎಣಿಕೆ ಅದರ ಹಿಂದಿತ್ತು. ಕೆಲವು ವರ್ಷಗಳಲ್ಲಿ ಯೋಜನೆ ನಿಂತಿತು. ಅದೂ ಒಂದು ಅಚ್ಚು, ಸ್ವಲ್ಪ ಮೆಚ್ಚುಗೆ ಬೆರೆಸಿದ್ದು. ಅದೇ ಊರುಗಳಲ್ಲಿ ಸಿದ್ದಿ ಹೆಂಗಸರು ಹಳೆ ಸೀರೆ, ಅಂಗಿಗಳ ತುಂಡು ಜೋಡಿಸಿ ಕವದಿ ಹೊಲಿಯುತ್ತಾರೆ. ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿಗೆ ಬರುವ ಹೊಲಿಗೆ ಅದು. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಮುಕ್ಕೋನದ ಹೂವು ಬೀಳಬೇಕು. ಹೂವಿಲ್ಲದ ಕವದಿ ಬೆತ್ತಲೆ ಎನ್ನುತ್ತಾರೆ. ಬಣ್ಣದ ಸಂಯೋಜನೆಯ ಪಾಠಕ್ಕೆ ನಾನು ಈಗ ಪುಸ್ತಕ ಬಿಟ್ಟು ಕವದಿಯನ್ನೇ ಹರವುತ್ತೇನೆ.

ಮೈಬಣ್ಣದ ಸೂತ್ರವನ್ನು ಬಿಟ್ಟು ಬಹಳ ಕಾಲವಾಯಿತು. ಈಗ ಮೊದಲ ವಾರ ಬಣ್ಣವೇ ಇಲ್ಲ. ಹತ್ತು ರೂಪಾಯಿಯ ಕಪ್ಪು ಬಾಲ್‌ಪೆನ್ನು, ದಪ್ಪ ಕಾರ್ಟ್ರಿಜ್ ಹಾಳೆ, ಅಂಗೈಯಗಲದ ಚೌಕ. ಮುಖ ಬರೆಯುವಂತಿಲ್ಲ, ಪಕ್ಕದವರ ಮೊಣಕೈ, ಕತ್ತು, ಕಿವಿಯ ಹಿಂಬದಿ, ಇಷ್ಟೇ. ರಬ್ಬರ್ ಇಲ್ಲ. ಮೂರು ಗಂಟೆ. ಮನೆಯಲ್ಲಿ ಪ್ರಯತ್ನಿಸುವವರಿಗೆ ಒಂದು ಮಾತು: ಒತ್ತಿ ಬರೆಯುವಾಗ ಪೆನ್ನಿನ ತುದಿಯಲ್ಲಿ ಶಾಯಿ ಮುದ್ದೆಗಟ್ಟುತ್ತದೆ. ಹತ್ತಿರದಲ್ಲೊಂದು ಹಳೆ ಬಟ್ಟೆ ಇಟ್ಟುಕೊಳ್ಳಿ, ಮತ್ತು ಕೈಯ ಕೆಳಗೆ ಬೇರೊಂದು ಹಾಳೆ. ಇಲ್ಲದಿದ್ದರೆ ಕೆನ್ನೆಯ ಹೊಳಪು ನಿಮ್ಮ ಅಂಗೈಗೆ ಬಂದುಬಿಡುತ್ತದೆ.