ಎನ್‌ಟಿಟಿ ಅಂದ್ರೆ ಏನು? ಸೇರೋಕ್ ಮುಂಚೆ ಸ್ವಲ್ಪ ಓದಿ

ಎನ್‌ಟಿಟಿ ಅಂದ್ರೆ ನರ್ಸರಿ ಟೀಚರ್ ಟ್ರೈನಿಂಗ್. ಮೂರರಿಂದ ಆರು ವರ್ಷದ ಮಕ್ಕಳಿಗೆ, ಅಂದ್ರೆ ನರ್ಸರಿ, ಎಲ್‌ಕೆಜಿ, ಯುಕೆಜಿ ಮಕ್ಕಳಿಗೆ ಕಲಿಸೋರಿಗೆ ಕೊಡೋ ತರಬೇತಿ. ಪಿಯುಸಿ ಮುಗಿಸಿದ ಹುಡುಗೀರು, ಮಕ್ಕಳು ಸ್ಕೂಲಿಗೆ ಹೋಗೋಕೆ ಶುರುವಾದ್ಮೇಲೆ ಕೆಲಸ ಹುಡ್ಕೋ ಅಮ್ಮಂದಿರು ಜಾಸ್ತಿ ವಿಚಾರಿಸೋದು ಇದನ್ನೇ. ತೊಂದ್ರೆ ಏನಪ್ಪಾ ಅಂದ್ರೆ ಇದು ಬಿಎಡ್ ತರ ಫಿಕ್ಸ್ ಆಗಿರೋ ಕೋರ್ಸ್ ಅಲ್ಲ, ಕೆಲವೇ ತಿಂಗಳ ಸರ್ಟಿಫಿಕೇಟನ್ನೂ ಎನ್‌ಟಿಟಿ ಅಂತ ಮಾರ್ತಾರೆ, ಡಿಪ್ಲೊಮಾನೂ ಎನ್‌ಟಿಟಿ ಅಂತಾರೆ, ಮನೇಲಿ ಕೂತು ವಿಡಿಯೋ ನೋಡಿ ಮುಗಿಸೋದೂ ಅದೇ.

ಶಿಕ್ಷಕರ ತರಬೇತಿಗೆ ರೂಲ್ಸ್ ಮಾಡೋ ಎನ್‌ಸಿಟಿಇ 2014ರ ನಿಯಮಗಳಲ್ಲಿ ಈ ವಯಸ್ಸಿನ ಮಕ್ಕಳ ಟೀಚರ್‌ಗೆ ಅಂತ ಇಟ್ಟಿರೋದು ಡಿಪಿಎಸ್‌ಇ ಅನ್ನೋ ಎರಡು ವರ್ಷದ ಡಿಪ್ಲೊಮಾ, ಪಿಯುಸಿಲಿ 50 ಪರ್ಸೆಂಟ್ ಇರ್ಬೇಕು. ಕಾಲೇಜಿಗೆ ಹೋಗೋಕಾಗಲ್ಲ ಅನ್ನೋರಿಗೆ ದೂರಶಿಕ್ಷಣದ ವಿಶ್ವವಿದ್ಯಾಲಯ ಇಗ್ನೋದ ಡಿಇಸಿಇ ಅನ್ನೋ ಡಿಪ್ಲೊಮಾ ಇದೆ, 32 ಕ್ರೆಡಿಟ್, ಕಮ್ಮಿ ಅಂದ್ರೂ ಒಂದು ವರ್ಷ, ಅದ್ರಲ್ಲಿ ಮಕ್ಕಳ ಜೊತೆ ಮಾಡೋ ಪ್ರಾಜೆಕ್ಟೂ ಸೇರಿದೆ.

ಮಾಂಟೆಸರಿ ಟ್ರೈನಿಂಗ್ ಬೇರೆ, ಅದನ್ನ ಎನ್‌ಟಿಟಿ ಜೊತೆ ಕಲಸಬೇಡಿ. ಮಕ್ಕಳು ಸಾಮಾನು ಹಿಡ್ಕೊಂಡು ತಾವೇ ಕಲಿಯೋ ಈ ಪದ್ಧತಿ ಶುರು ಮಾಡಿದ ಇಟಲಿಯ ಮರಿಯಾ ಮಾಂಟೆಸರಿ 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು ಟ್ರೈನಿಂಗ್ ಕೊಟ್ರು, ಎರಡನೇ ಮಹಾಯುದ್ಧ ಶುರುವಾಗಿ 1946ರವರೆಗೂ ಭಾರತದಲ್ಲೇ ಉಳ್ಕೊಂಡ್ರು, ಹಂಗಾಗಿ ನಮ್ಮ ಕಡೆ ಇದರ ಬೇರು ಹಳೇದು. ಈ ಟ್ರೈನಿಂಗ್ ಕಲಿಯೋರಿಗೆ ಮೊದಲು ಕಷ್ಟ ಆಗೋದು ಸುಮ್ನಿರೋದು! ಪಿಂಕ್ ಟವರ್ ಅಂತ ಹತ್ತು ಮರದ ಕ್ಯೂಬ್ ಇರ್ತವೆ, ಚಿಕ್ಕದು ಒಂದು ಸೆಂಟಿಮೀಟರ್, ದೊಡ್ಡದು ಹತ್ತು, ಒಂದೊಂದೇ ಎತ್ಕೊಂಡ್ ಬಂದು ಮ್ಯಾಟ್ ಮೇಲೆ ಇಟ್ಟು, ಮಾತಾಡ್ದೆ ನಿಧಾನಕ್ಕೆ ಕಟ್ಟಿ ತೋರಿಸ್ಬೇಕು, ಮಗು ತಪ್ಪು ಜೋಡಿಸಿದ್ರೆ ತಕ್ಷಣ ಕೈ ಹಾಕಿ ಸರಿ ಮಾಡ್ಬಾರ್ದು, ಟವರ್ ವಕ್ರವಾಗಿ ಕಾಣೋದೇ ಅದಕ್ಕೆ ಹೇಳುತ್ತೆ. ನಾವೋ "ಅಯ್ಯೋ ಹಂಗಲ್ಲ ಪುಟ್ಟಾ" ಅಂತ ಮಧ್ಯೆ ಬಾಯಿ ಹಾಕೋ ಜನ. ಪ್ರತಿ ಸಾಮಾನಿನ ಬಗ್ಗೆನೂ ಚಿತ್ರ ಬರ್ದು ಆಲ್ಬಮ್ ಬೇರೆ ಮಾಡ್ಬೇಕು, ಟ್ರೈನಿಂಗಲ್ಲಿ ನಿದ್ದೆ ಕೆಡಿಸೋದು ಅದೇ.

ಅಂಗನವಾಡಿ ಟೀಚರ್ ಆಗೋಕೆ ಎನ್‌ಟಿಟಿ ಕಡ್ಡಾಯ ಅಲ್ಲ, ಪಿಯುಸಿ ಪಾಸಾಗಿದ್ರೆ ಅರ್ಜಿ ಹಾಕ್ಬಹುದು, ತರಬೇತಿ ಕೆಲಸಕ್ಕೆ ಸೇರಿದ್ಮೇಲೆ. ಅಂಗನವಾಡಿಗಳನ್ನ ನಡೆಸೋ ಕೇಂದ್ರದ ಯೋಜನೆ ಐಸಿಡಿಎಸ್ 1975ರ ಅಕ್ಟೋಬರ್ 2ಕ್ಕೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದಿದ್ದು ಟಿ. ನರಸೀಪುರಕ್ಕೆ. ಆಗಿಂದ ಅಂಗನವಾಡಿ ಟೀಚರ್‌ಗೆ ಊಟ, ತೂಕ, ಲಸಿಕೆ, ಸರ್ವೆ, ರಿಜಿಸ್ಟರ್ ಇದರಲ್ಲೇ ದಿನ ಹೋಗುತ್ತೆ, ಪಾಠ ಹಿಂದೆ ಬೀಳುತ್ತೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇವರಲ್ಲಿ ಪಿಯುಸಿ ಆದವರಿಗೆ ಆರು ತಿಂಗಳ ಸರ್ಟಿಫಿಕೇಟ್, ಅದಕ್ಕಿಂತ ಕಮ್ಮಿ ಓದಿರೋರಿಗೆ ಒಂದು ವರ್ಷದ ಡಿಪ್ಲೊಮಾ ಅಂತು. ಊಟದ ಜೊತೆ ಪಾಠಕ್ಕೂ ಒತ್ತು ಕೊಡೋಕೆ ಕೇಂದ್ರ ಸರ್ಕಾರ 2023ರಲ್ಲಿ ತಂದ 'ಪೋಷಣ್ ಭಿ ಪಢಾಯಿ ಭಿ'ಲಿ ಅಂಗನವಾಡಿ ಕಾರ್ಯಕರ್ತೆಯರಿಗೆ ಮೊದಲು ಸಿಕ್ಕಿದ್ದು ಮೂರು ದಿನದ ಟ್ರೈನಿಂಗ್. ಮೂರು ದಿನಕ್ಕೆ ಏನ್ ಕಲಿಸ್ತಾರೋ, ನನಗಂತೂ ಸಾಕು ಅನ್ಸಲ್ಲ.

ಕೋರ್ಸ್ ಯಾವುದಾದ್ರೂ ಸಿಲಬಸ್ ಸುಮಾರು ಒಂದೇ ತರ: ಮಗು ಬೆಳೆಯೋ ಹಂತಗಳು, ಕಥೆ, ರೈಮ್ಸು, ಆಟ, ಟೀಚಿಂಗ್ ಏಡ್ ಮಾಡೋದು. ವ್ಯತ್ಯಾಸ ಬರೋದು ಪ್ರಾಕ್ಟಿಸಲ್ಲಿ. ಒಂದು ಮಗುನ ಅರ್ಧ ಗಂಟೆ ದೂರದಿಂದ ನೋಡಿ, "ಹಠಮಾರಿ" ಅಂತ ತೀರ್ಪು ಕೊಡ್ದೆ, ಏನ್ ಮಾಡ್ತು ಅಷ್ಟನ್ನೇ ಬರೀರಿ ಅಂದ್ರೆ ಎಷ್ಟೋ ಜನಕ್ಕೆ ಬರಲ್ಲ, ಅದು ಬರೋದು ನಿಜವಾದ ಕ್ಲಾಸಲ್ಲಿ ಕೂತಾಗ್ಲೇ. ಅದಕ್ಕೇ ಫೀಸ್ ಕಟ್ಟೋ ಮುಂಚೆ ಕೇಳಿ, ಎಷ್ಟು ದಿನ ಮಕ್ಕಳ ಜೊತೆ ಬಿಡ್ತೀರಾ, ನಾನು ಕ್ಲಾಸ್ ಮಾಡುವಾಗ ಯಾರು ಕೂತು ನೋಡ್ತಾರೆ ಅಂತ. ಉತ್ತರ ಕೊಡ್ದೆ "ಜಾಬ್ ಗ್ಯಾರಂಟಿ ಮೇಡಂ" ಅಂದ್ರೆ ಎದ್ದು ಬನ್ನಿ.

ಕೆಲಸ ಸಿಗೋದು ಜಾಸ್ತಿ ಪ್ರೈವೇಟ್ ಸ್ಕೂಲಲ್ಲಿ, ಶುರುವಲ್ಲಿ ಸಂಬಳ ಹೇಳ್ಕೊಳ್ಳೋ ಹಂಗಿರಲ್ಲ. ಸರ್ಕಾರಿ ಶಾಲೇಲಿ ಒಂದರಿಂದ ಐದನೇ ಕ್ಲಾಸಿಗೆ ಟೀಚರ್ ಆಗ್ಬೇಕು ಅನ್ನೋರಿಗೆ ಎನ್‌ಟಿಟಿ ನಡೆಯಲ್ಲ, ಡಿಎಲ್‌ಎಡ್, ಅದೇ ನಮ್ಮ ಹಳೇ ಟಿಸಿಎಚ್, ಮಾಡಿ ಟಿಇಟಿ ಅನ್ನೋ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾಗ್ಬೇಕು.