ಜಾರುವ ಕಾಲು ಬೇರೆ, ಭಾರ ಹೊರುವ ಕಾಲು ಬೇರೆ

ಶಾಲಾ ವಾರ್ಷಿಕೋತ್ಸವದ ತಯಾರಿ ಶುರುವಾಯಿತೆಂದರೆ ಮಡಿಕೇರಿಯ ನಮ್ಮ ಡ್ಯಾನ್ಸ್ ಕ್ಲಾಸಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರದ್ದೆಲ್ಲ ಒಂದೇ ಬೇಡಿಕೆ: "ಮಾಸ್ಟ್ರೇ, ಮೂನ್‌ವಾಕ್ ಹೇಳಿಕೊಡಿ." ಮುಂದಕ್ಕೆ ನಡೆದಂತೆ ಕಾಣುತ್ತಲೇ ಹಿಂದಕ್ಕೆ ಜಾರುವ ಹೆಜ್ಜೆ ಅದು. ಮೊಬೈಲಿನಲ್ಲಿ ವಿಡಿಯೋ ನೋಡಿ ಮನೆಯಲ್ಲಿ ಅಭ್ಯಾಸ ಮಾಡಿಯೇ ಬಂದಿರುತ್ತಾರೆ. ಮಾಡಿ ತೋರಿಸಿ ಎಂದರೆ ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ ಹಿಂದಕ್ಕೆ ಎಳೆಯುತ್ತಾರೆ. ಸೊಂಟ ಹಿಂದೆ ಹೋಗುತ್ತದೆ, ಪಾದ ಇದ್ದಲ್ಲೇ ಇರುತ್ತದೆ. "ಕಾಲು ಜಾರ್ತಾನೇ ಇಲ್ಲ ಮಾಸ್ಟ್ರೇ" ಎನ್ನುತ್ತಾರೆ. ಜಾರಬೇಕಾದ ಕಾಲಿನ ಮೇಲೆಯೇ ಮೈಭಾರ ಹಾಕಿದ್ದರೆ ಅದು ಜಾರುವುದಾದರೂ ಹೇಗೆ?

ಈ ಹೆಜ್ಜೆಯ ಗುಟ್ಟೆಲ್ಲ ಇಲ್ಲಿದೆ. ಒಂದು ಪಾದ ಪೂರ್ತಿ ನೆಲಕ್ಕೆ ತಾಗಿರುತ್ತದೆ, ಇನ್ನೊಂದು ತುದಿಗಾಲಿನಲ್ಲಿ, ಹಿಮ್ಮಡಿ ಎತ್ತಿ, ಮಂಡಿ ಬಗ್ಗಿಸಿ ನಿಂತಿರುತ್ತದೆ. ನೋಡುವವರ ಕಣ್ಣಿಗೆ ಚಪ್ಪಟೆಯಾಗಿರುವ ಕಾಲೇ ಮೈಯನ್ನು ಹೊತ್ತಂತೆ, ತುದಿಗಾಲು ಮುಂದೆ ನಡೆಯಲು ಹೊರಟಂತೆ ಕಾಣುತ್ತದೆ. ನಿಜ ಅದರ ತಿರುವುಮುರುವು. ಭಾರವೆಲ್ಲ ತುದಿಗಾಲಿನ ಮೇಲೆ. ಚಪ್ಪಟೆ ಪಾದ ನೆಲವನ್ನು ಸವರಿಕೊಂಡು ಹಿಂದೆ ಹೋಗುತ್ತದೆ, ಅಷ್ಟೇ. ಪಾದ ನೆಲವನ್ನು ಎಷ್ಟು ಒತ್ತುತ್ತದೋ ಘರ್ಷಣೆ ಅಷ್ಟು. ಒತ್ತದ ಪಾದಕ್ಕೆ ತಡೆಯೂ ಇಲ್ಲ.

ಹಾಗಾಗಿ ಮೊದಲ ದಿನ ನಾನು ಯಾರನ್ನೂ ಜಾರಲು ಬಿಡುವುದಿಲ್ಲ. ಕಿಟಕಿಯ ಸರಳು ಹಿಡಿದು ನಿಲ್ಲಿಸುತ್ತೇನೆ. ಬಲಗಾಲು ತುದಿಯ ಮೇಲೆ, ಎಡಗಾಲು ಸ್ವಲ್ಪ ಮುಂದೆ, ಚಪ್ಪಟೆಯಾಗಿ. ಈಗ ಮೈ ಅಲುಗದಂತೆ ಎಡ ಪಾದವನ್ನು ನೆಲದಿಂದ ಒಂದು ಬೆರಳಷ್ಟು ಮೇಲೆತ್ತಬೇಕು. ಎತ್ತಲು ಸೊಂಟ ವಾಲಿತೆಂದರೆ ಭಾರ ಇನ್ನೂ ಎಡಗಾಲಿನಲ್ಲೇ ಇದೆ ಎಂದರ್ಥ. ಸಲೀಸಾಗಿ ಎದ್ದಿತೋ, ಹಾಗೇ ಕೆಳಗಿಳಿಸಿ, ನೆಲಕ್ಕೆ ಬರೀ ತಾಗುವಂತೆ ಇಟ್ಟು, ಬಲಗಾಲನ್ನು ದಾಟಿಸಿ ಹಿಂದಕ್ಕೆ ಎಳೆಯಬಹುದು.

ಎಳೆದಾದ ಮೇಲೆ ಬದಲಿಸುವುದು. ಹಿಂದೆ ಹೋದ ಎಡಗಾಲಿನ ಹಿಮ್ಮಡಿ ಮೇಲೇಳುವ ಕ್ಷಣಕ್ಕೇ ಮುಂದಿರುವ ಬಲಗಾಲಿನ ಹಿಮ್ಮಡಿ ಕೆಳಗಿಳಿಯಬೇಕು, ತಕ್ಕಡಿಯ ಎರಡು ತಟ್ಟೆಗಳ ಹಾಗೆ. ಹೆಚ್ಚಿನವರು ಎಡವುವುದು ಇಲ್ಲೇ. ಒಂದು ಹಿಮ್ಮಡಿ ಮೊದಲು ಇಳಿಸಿ, ಆಮೇಲೆ ಇನ್ನೊಂದನ್ನು ಎತ್ತುತ್ತಾರೆ. ನಡುವೆ ಒಂದು ಕ್ಷಣ ಎರಡೂ ಪಾದ ಚಪ್ಪಟೆಯಾಗುತ್ತವೆ, ಭ್ರಮೆ ಅಲ್ಲಿಗೆ ಮುರಿಯಿತು. ಜಾರದೆ, ನಿಂತಲ್ಲೇ, ಬರೀ ಈ ಬದಲಾವಣೆಯನ್ನೇ ಕೆಲವು ದಿನ ಮಾಡಿಸುತ್ತೇನೆ. ಮಕ್ಕಳಿಗೆ ಬೇಜಾರಾಗುತ್ತದೆ ಎಂದು ಗೊತ್ತು. ಆದರೂ ಬಿಡುವುದಿಲ್ಲ.

ವಾಲಗಕ್ಕೆ ಕುಣಿದು ಬೆಳೆದ ನಮ್ಮ ಮಕ್ಕಳಿಗೆ ತಾಳಕ್ಕೆ ತಕ್ಕಂತೆ ಕಾಲಿನಿಂದ ಕಾಲಿಗೆ ಭಾರ ಸಾಗಿಸುವುದು ಹೊಸದಲ್ಲ. ಆದರೆ ವಾಲಗದಲ್ಲಿ ಮೈಯೂ ತಾಳದ ಜೊತೆ ಏರಿಳಿಯುತ್ತದೆ, ಅದೇ ಅದರ ಚೆಂದ. ಮೂನ್‌ವಾಕ್‌ನಲ್ಲಿ ತಲೆ ಒಂದೇ ಮಟ್ಟದಲ್ಲಿ ಸಾಗಬೇಕು. ಮೊಬೈಲನ್ನು ಪಕ್ಕದಲ್ಲಿ ಕುರ್ಚಿಯ ಮೇಲಿಟ್ಟು ಚಿತ್ರೀಕರಿಸಿ, ತಲೆಯನ್ನಷ್ಟೇ ನೋಡಿ. ಏರಿಳಿಯುತ್ತಿದ್ದರೆ ಚಪ್ಪಟೆ ಕಾಲಿನ ಮಂಡಿಯನ್ನು ಬಿಗಿಯಾಗಿ ನೆಟ್ಟಗೆ ಮಾಡುತ್ತಿದ್ದೀರಿ ಎಂದೇ ಲೆಕ್ಕ.

ಮೈಕೆಲ್ ಜಾಕ್ಸನ್ ಇದನ್ನು ಮೊದಲ ಬಾರಿಗೆ ವೇದಿಕೆಯ ಮೇಲೆ ಮಾಡಿದ್ದು 1983ರ ಮಾರ್ಚ್ 25ರಂದು, ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ. ಮೇ 16ರಂದು ಅದು ಟಿವಿಯಲ್ಲಿ ಬಂತು. ಅಂದು ಅವರು ಜಾರಿದ್ದು ಕೆಲವೇ ಸೆಕೆಂಡು. ಹೆಜ್ಜೆ ಮಾತ್ರ ಅದಕ್ಕಿಂತ ಹಳೆಯದು. ಶೂ ತಳದಿಂದ ನೆಲಕ್ಕೆ ತಾಳ ಹಾಕಿ ಕುಣಿಯುವ ಟ್ಯಾಪ್ ನರ್ತಕ ಬಿಲ್ ಬೇಲಿ 1943ರಷ್ಟು ಹಿಂದೆಯೇ ಹಾಲಿವುಡ್ ಚಿತ್ರವೊಂದರಲ್ಲಿ ಹೀಗೆ ಹಿಂದಕ್ಕೆ ಜಾರಿದ್ದರು. 1982ರಲ್ಲಿ ಅಮೆರಿಕದ ಗಾಯಕ, ನರ್ತಕ ಜೆಫ್ರಿ ಡೇನಿಯಲ್ ಬ್ರಿಟನ್ನಿನ ಟಿವಿಯಲ್ಲಿ ಮಾಡಿ ತೋರಿಸಿದ್ದರು. ಬೀದಿಯಲ್ಲಿ ಕುಣಿಯುವ ಹುಡುಗರಿಂದ ಕಲಿತೆ ಎಂದು ಜಾಕ್ಸನ್ ಅವರೇ ಹೇಳಿಕೊಂಡಿದ್ದಾರೆ. ಅಂಥ ಕಲಾವಿದನೂ ಇನ್ನೊಬ್ಬರ ಮುಂದೆ ನಿಂತು ಕಲಿತರು ಎಂಬುದನ್ನು ನಾನು ಮಕ್ಕಳಿಗೆ ತಪ್ಪದೆ ಹೇಳುತ್ತೇನೆ.

ಇನ್ನು ನೆಲದ ಮಾತು. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲಕ್ಕಿಂತ ಒಳ್ಳೆಯದು ಈ ಅಭ್ಯಾಸಕ್ಕೆ ಸಿಗಲಾರದು. ಆದರೆ ನಮ್ಮ ಮಳೆಗಾಲದಲ್ಲಿ ಆ ನೆಲವೇ ಬೆವರುತ್ತದೆ. ಥಂಡಿ ಹಿಡಿದ ಸಾಕ್ಸ್ ಅಂಟಿಕೊಳ್ಳುತ್ತದೆ, ಎಳೆದರೆ ತಡೆದು ತಡೆದು ಬರುತ್ತದೆ. ಒಣಬಟ್ಟೆಯಲ್ಲಿ ನೆಲ ಒರೆಸಿ, ಒಲೆಯ ಹತ್ತಿರ ಒಣಗಿಸಿದ ಇನ್ನೊಂದು ಜೊತೆ ಸಾಕ್ಸ್ ಹಾಕಿಕೊಳ್ಳಿ. ಹೊಳೆಯುವ ಟೈಲ್ಸ್ ಮೇಲೆ ಇದಕ್ಕೆ ವಿರುದ್ಧದ ತೊಂದರೆ: ಊರಿ ನಿಲ್ಲಬೇಕಾದ ತುದಿಗಾಲೂ ಜಾರಿ ಮುಗ್ಗರಿಸುತ್ತೀರಿ. ಅಲ್ಲಿ ಸಾಕ್ಸ್ ಬೇಡ, ತಳ ಸವೆದ ಹಳೆಯ ಶೂ ಹಾಕಿ. ಕೇರಂ ಪುಡಿಯನ್ನು ಮಾತ್ರ ಯಾವ ನೆಲಕ್ಕೂ ಉದುರಿಸಬೇಡಿ. ನಿಮ್ಮ ನಂತರ ಅದೇ ಜಾಗದಲ್ಲಿ ಕೊಡವರ ನೃತ್ಯ ಉಮ್ಮತ್ತಾಟ್ ಆಡುವ ಹೆಣ್ಣುಮಕ್ಕಳು ಬಿದ್ದಾರು.

ಹಾಕಿ ಆಡುವ ಮಕ್ಕಳ ಬಗ್ಗೆ ನನಗೆ ವಿಶೇಷ ಕಾಳಜಿ. ಮಂಡಿ ಬಗ್ಗಿಸಿ ಓಡಿ ಓಡಿ ಅವರ ಕಾಲಿಗೆ ಬಲವಿರುತ್ತದೆ, ಜೊತೆಗೆ ಮೀನಖಂಡ ಬಿಗಿದಿರುತ್ತದೆ. ತುದಿಗಾಲಿನ ಅಭ್ಯಾಸದಿಂದ ಅದೇ ಸ್ನಾಯುವಿಗೆ, ಅದನ್ನು ಹಿಮ್ಮಡಿಗೆ ಬೆಸೆಯುವ ಸ್ನಾಯುರಜ್ಜುವಿಗೆ ಮತ್ತಷ್ಟು ಎಳೆತ. ಚಳಿಯ ಬೆಳಿಗ್ಗೆ ಮೈ ಬೆಚ್ಚಗಾಗದೆ ಶುರುಮಾಡಲೇಬೇಡಿ. ಬೆಳೆಯುವ ಮಕ್ಕಳಲ್ಲಿ ಹಿಮ್ಮಡಿಯ ಮೂಳೆ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಅಲ್ಲಿ ನೋವು ಎಂದರೆ ಅಪ್ಪ ಅಮ್ಮಂದಿರು "ಡ್ಯಾನ್ಸ್ ಅಂದ್ಮೇಲೆ ಇದೆಲ್ಲ ಇದ್ದದ್ದೇ" ಎನ್ನದೆ ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ವೇದಿಕೆಗೆ ಹೋಗುವ ಮುಂಚೆ ಒಂದು ವಿಚಾರಣೆ ಅಗತ್ಯ. ಶಾಮಿಯಾನದವರು ಹಾಸುವ ಮ್ಯಾಟ್ ಮೇಲೆ ಯಾರಿಗೂ ಜಾರಲಾಗದು. ದಸರಾ ಹೊತ್ತಿಗಂತೂ ರಾತ್ರಿ ಮಂಜಿಳಿದು ತೆರೆದ ವೇದಿಕೆ ಒದ್ದೆಯಾಗಿರುತ್ತದೆ. 8 ಅಡಿ ಉದ್ದ, 4 ಅಡಿ ಅಗಲದ ಒಂದು ಪ್ಲೈವುಡ್ ಹಲಗೆ ಕೊಡಿಸಿ ಎಂದು ಆಯೋಜಕರನ್ನು ಮೊದಲೇ ಕೇಳಿ, ನಾಲ್ಕೂ ಅಂಚಿಗೆ ಟೇಪ್ ಹಾಕಿಸಿ. ಹೆಜ್ಜೆಗೆ ಒಂದಡಿ ಎಂದರೂ ಐದಾರು ಜಾರು ಆರಾಮವಾಗಿ ಆಗುತ್ತವೆ, ಅದಕ್ಕಿಂತ ಹೆಚ್ಚು ಬೇಕಾಗುವುದೂ ಇಲ್ಲ. ಹಿಂದಕ್ಕೆ ಹೋಗುವವರಿಗೆ ಹಲಗೆಯ ಕೊನೆ ಕಾಣುವುದಿಲ್ಲ. ಹಾಡಿನ ಯಾವ ಎಣಿಕೆಗೆ ನಿಲ್ಲಬೇಕೆಂದು ತಾಲೀಮಿನಲ್ಲೇ ಗೊತ್ತುಮಾಡಿಕೊಂಡು, ಸೈಡ್‌ವಿಂಗ್‌ನಲ್ಲಿ ಕೈ ತೋರಿಸಲು ಒಬ್ಬರನ್ನು ನಿಲ್ಲಿಸಿ.