ಖಾಲಿ ತೋಟಾ ಎಲ್ಲಿ ನಿಂತಿದೆ, ಮೊದಲು ಅದನ್ನು ನೋಡಿ

ಸೆಮಿ ಆಟೊಮ್ಯಾಟಿಕ್ ಶಾಟ್‌ಗನ್ ಸಿಕ್ಕಿಕೊಂಡ ತಕ್ಷಣ ಹೆಚ್ಚಿನವರು ಬೋಲ್ಟನ್ನು (ನಳಿಗೆಯ ಹಿಂಬಾಯಿ ಮುಚ್ಚುವ ತುಂಡನ್ನು) ಜೋರಾಗಿ ಹಿಂದಕ್ಕೆ ಎಳೆದುಬಿಡುತ್ತಾರೆ. ತೋಟಾ ಹಾರಿ ಬೀಳುತ್ತದೆ, ಕೋವಿ ಸರಿಹೋದ ಹಾಗೆ ಕಾಣುತ್ತದೆ. ಆದರೆ ತೊಂದರೆ ಎಲ್ಲಿತ್ತು ಎಂದು ಹೇಳಬಲ್ಲ ಒಂದೇ ಸಾಕ್ಷಿ ಆ ಎಳೆತದಲ್ಲಿ ಅಳಿಸಿಹೋಗುತ್ತದೆ. ನಳಿಗೆಯನ್ನು ಯಾರಿಗೂ ಅಪಾಯವಿಲ್ಲದ ಕಡೆ ತಿರುಗಿಸಿ, ಬೆರಳನ್ನು ಟ್ರಿಗರ್‌ನಿಂದ ತೆಗೆದು, ಒಂದು ಗಳಿಗೆ ನೋಡಬೇಕು. ಖಾಲಿ ತೋಟಾ ಚೇಂಬರ್ (ತೋಟಾ ಕೂತು ಹಾರುವ ಜಾಗ) ಒಳಗೇ ಇದೆಯಾ? ಹೊರಗೆ ಬರುವ ಕಿಂಡಿಯಲ್ಲಿ ಸಿಕ್ಕಿದೆಯಾ? ಹೊಸ ತೋಟಾ ಅದನ್ನು ಮೇಲೆತ್ತುವ ಲಿಫ್ಟರ್ ಮೇಲೆ ಬಂದಿದೆಯಾ, ಇನ್ನೂ ನಳಿಗೆಯ ಕೆಳಗಿನ ಮ್ಯಾಗಜಿನ್ ಕೊಳವೆಯಲ್ಲೇ ಕೂತಿದೆಯಾ?

ಕೊಡಗು, ಮಲೆನಾಡಿನ ಮನೆಗಳಲ್ಲಿ ಕಾಣುವ ಜೋಡುನಳಿಗೆ ಕೋವಿಗೆ ಈ ಪ್ರಶ್ನೆಗಳೇ ಇಲ್ಲ. ಮಧ್ಯಕ್ಕೆ ಮಡಚಿ, ಖಾಲಿ ತೋಟಾ ತೆಗೆದು, ಹೊಸದನ್ನು ಕೈಯಲ್ಲೇ ಹಾಕಬಹುದು. ಸೆಮಿ ಆಟೊಮ್ಯಾಟಿಕ್‌ನಲ್ಲಿ ಆ ಕೆಲಸವೆಲ್ಲ ಕೋವಿಯದೇ. ಬೋಲ್ಟ್ ಬಿಚ್ಚಿಕೊಳ್ಳಬೇಕು, ಕೊಕ್ಕೆ ಖಾಲಿ ತೋಟಾದ ಅಂಚು ಹಿಡಿದು ಎಳೆಯಬೇಕು, ಎಜೆಕ್ಟರ್ ಅದನ್ನು ಹೊರಗೆ ತಳ್ಳಬೇಕು, ಕುದುರೆ (ತೋಟಾ ಹಾರಿಸಲು ಬಡಿಯುವ ಸುತ್ತಿಗೆ) ಮತ್ತೆ ಏರಬೇಕು, ಹೊಸ ತೋಟಾ ಮೇಲೆ ಬರಬೇಕು, ಬೋಲ್ಟ್ ಅದನ್ನು ಒಳಗೆ ತಳ್ಳಿ ಮುಚ್ಚಿಕೊಳ್ಳಬೇಕು. ಇದಕ್ಕೆಲ್ಲ ಬೇಕಾದ ಶಕ್ತಿ ಈಗಷ್ಟೇ ಹಾರಿದ ತೋಟಾದಿಂದಲೇ ಬರಬೇಕು. ಚರೆ ನಳಿಗೆಯಲ್ಲಿ ಇರುವುದು ಸುಮಾರು 3 ಮಿಲಿಸೆಕೆಂಡ್ ಮಾತ್ರ. ಅಷ್ಟರಲ್ಲಿ ಸಿಕ್ಕಿದ್ದೇ ಬಂಡವಾಳ. ಅದು ಎಲ್ಲಿ ಖರ್ಚಾಗಿ ಹೋಯಿತೋ ತೋಟಾ ಅಲ್ಲೇ ನಿಲ್ಲುತ್ತದೆ.

ಈ ಲೆಕ್ಕವನ್ನು ಶಾಟ್‌ಗನ್‌ನಲ್ಲಿ ಮೊದಲು ಯಶಸ್ವಿಯಾಗಿ ಬಿಡಿಸಿದವರು ಅಮೆರಿಕದ ಯೂಟಾ ರಾಜ್ಯದ ಜಾನ್ ಬ್ರೌನಿಂಗ್. 1900ರಲ್ಲಿ ಪೇಟೆಂಟ್ ಸಿಕ್ಕಿತು. ರಾಯಲ್ಟಿ ವಿಚಾರದಲ್ಲಿ ವಿಂಚೆಸ್ಟರ್ ಕಂಪನಿ ಜೊತೆ ಮಾತು ಮುರಿಯಿತು. ಕೊನೆಗೆ ಬೆಲ್ಜಿಯಂನ ಎಫ್‌ಎನ್ ಕಂಪನಿ ತಯಾರಿಸಿತು. ಅದೇ ಆಟೋ-5. ಗುಂಡು ಹಾರಿದಾಗ ಅದರ ನಳಿಗೆ, ಬೋಲ್ಟ್ ಎರಡೂ ಅಂಟಿಕೊಂಡೇ ಪೂರ್ತಿ ಹಿಂದಕ್ಕೆ ಸರಿಯುತ್ತವೆ. ಆಮೇಲೆ ನಳಿಗೆ ಮಾತ್ರ ಮುಂದಕ್ಕೆ ಹೋಗುತ್ತದೆ, ಕೊಕ್ಕೆ ಹಿಡಿದಿದ್ದ ಖಾಲಿ ತೋಟಾ ಹೊರಗೆ ಬೀಳುತ್ತದೆ.

ಈ ಕೋವಿಯ ಮುಂಗೈ ಮರ (ನಳಿಗೆಯ ಕೆಳಗೆ ಕೈಯಿಟ್ಟು ಹಿಡಿಯುವ ಮರ) ಬಿಚ್ಚಿದರೆ ಮ್ಯಾಗಜಿನ್ ಕೊಳವೆಯ ಸುತ್ತ ದಪ್ಪ ಸ್ಪ್ರಿಂಗ್, ಅದರ ತುದಿಯಲ್ಲಿ ಕಂಚಿನ ಒಂದು ತುಂಡು, ಜೊತೆಗೆ ಒಳಅಂಚು ಓರೆಯಾದ ಒಂದು ಉಕ್ಕಿನ ಉಂಗುರ ಕಾಣುತ್ತವೆ. ಭಾರದ ತೋಟಾ ಹಾಕುವಾಗ ಉಂಗುರ ಕಂಚಿನ ತುಂಡಿಗೆ ಒತ್ತಿಕೊಂಡಿರಬೇಕು. ಆಗ ಕಂಚು ಕೊಳವೆಯನ್ನು ಬಿಗಿಯಾಗಿ ಹಿಡಿದು ಬ್ರೇಕ್ ಹಾಕುತ್ತದೆ. ಹಗುರ ತೋಟಾ ಹಾಕುವಾಗ ಉಂಗುರವನ್ನು ಸ್ಪ್ರಿಂಗಿನ ಹಿಂದೆ ಇಡಬೇಕು. ಇದು ಅದಲು ಬದಲಾದರೆ ಎರಡು ಬಗೆಯ ಪೆಟ್ಟು. ಭಾರದ ಸೆಟ್ಟಿಂಗ್‌ನಲ್ಲಿ ಹಗುರ ತೋಟಾ ಹಾರಿಸಿದರೆ ನಳಿಗೆ ಅರ್ಧಕ್ಕೇ ನಿಂತು ಖಾಲಿ ತೋಟಾ ಸಿಕ್ಕಿಕೊಳ್ಳುತ್ತದೆ. ಹಗುರ ಸೆಟ್ಟಿಂಗ್‌ನಲ್ಲಿ ಭಾರದ ತೋಟಾ ಹಾರಿಸಿದರೆ ಕೋವಿ ಚೆನ್ನಾಗಿಯೇ ಓಡುತ್ತದೆ, ಆದರೆ ಭುಜಕ್ಕೆ ಒದೆಯುತ್ತದೆ, ದಿನ ಕಳೆದಂತೆ ಮುಂಗೈ ಮರ ಸೀಳುತ್ತದೆ. ಹಳೆಯ ಆಟೋ-5 ಕೈಗೆ ಬಂದವರು ಮೊದಲು ಈ ಉಂಗುರ ಎಲ್ಲಿದೆ ಎಂದು ನೋಡಬೇಕು. ನನ್ನ ಪ್ರಕಾರ ಅದಕ್ಕಿಂತ ಮುಂಚೆ ಏನನ್ನೂ ಮುಟ್ಟಬಾರದು.

1963ರಲ್ಲಿ ಬಂದ ರೆಮಿಂಗ್ಟನ್ 1100 ದಾರಿ ಬೇರೆ. ನಳಿಗೆಯಲ್ಲಿರುವ ಸಣ್ಣ ತೂತಿನಿಂದ ಬಿಸಿ ಗ್ಯಾಸ್ ಸ್ವಲ್ಪ ಇಳಿದು ಪಿಸ್ಟನ್ ತಳ್ಳುತ್ತದೆ. ಗ್ಯಾಸ್ ಮುಂದಿನಿಂದ ಸೋರದ ಹಾಗೆ ಮ್ಯಾಗಜಿನ್ ಕೊಳವೆಯ ಮೇಲೆ ಒಂದು ರಬ್ಬರ್ ಓ-ರಿಂಗ್ ಇದೆ. ಬಿಸಿಗೆ, ಎಣ್ಣೆಗೆ ಅದು ಗಡುಸಾಗಿ ಬಿರುಕು ಬಿಡುತ್ತದೆ, ಒಮ್ಮೊಮ್ಮೆ ಕ್ಲೀನ್ ಮಾಡುವಾಗ ಬಿದ್ದೇ ಹೋಗುತ್ತದೆ. ಅಷ್ಟು ಸಾಕು, ಬೋಲ್ಟ್ ಪೂರ್ತಿ ಹಿಂದಕ್ಕೆ ಹೋಗುವುದಿಲ್ಲ. ಗ್ಯಾಸ್ ತೂತಿನಲ್ಲಿ ಮಸಿ ಕಟ್ಟಿದರೂ ಇದೇ ಕಥೆ. ಇಂಥ ಕೋವಿಗೆ ಎಣ್ಣೆ ಜಾಸ್ತಿ ಹಾಕುವುದು ಉಪಕಾರ ಅಲ್ಲ. ಎಣ್ಣೆ ಸುಟ್ಟು, ಮಸಿ ಜೊತೆ ಸೇರಿ ಅಂಟಾಗುತ್ತದೆ. ಆಟೋ-5ನಲ್ಲಿ ಅದೇ ಎಣ್ಣೆ ಕೊಳವೆಯ ಮೇಲೆ ಜಾಸ್ತಿಯಾದರೆ ಬ್ರೇಕ್ ಜಾರುತ್ತದೆ.

ಇಟಲಿಯ ಉರ್ಬಿನೋದ ಬೆನೆಲ್ಲಿ ಕಂಪನಿ ಬ್ರೂನೋ ಚಿವೊಲಾನಿ ಅವರ ವಿನ್ಯಾಸ ಹಿಡಿದು ಗ್ಯಾಸನ್ನೇ ಬಿಟ್ಟಿತು. ಗುಂಡು ಹಾರಿದಾಗ ಕೋವಿ ಹಿಂದಕ್ಕೆ ಜಿಗಿಯುತ್ತದೆ, ಭಾರವಾದ ಬೋಲ್ಟ್ ಮಾತ್ರ ಇದ್ದಲ್ಲೇ ಇರಲು ನೋಡುತ್ತದೆ. ಮಧ್ಯೆ ಇರುವ ಗಟ್ಟಿ ಸ್ಪ್ರಿಂಗ್ ಅಮುಕಿಕೊಳ್ಳುತ್ತದೆ, ಆಮೇಲೆ ಬಿಡಿಸಿಕೊಂಡು ಬೋಲ್ಟನ್ನು ಹಿಂದಕ್ಕೆ ಎಸೆಯುತ್ತದೆ. ಅಂದರೆ ಈ ಕೋವಿ ಅಲುಗಲೇಬೇಕು. ಟಾರ್ಚ್, ಹೆಚ್ಚುವರಿ ತೋಟಾ ಹಿಡಿಕೆ ಎಂದು ತೂಕ ಏರಿಸಿದರೆ, ಅಥವಾ ಬುಡವನ್ನು ಗಟ್ಟಿ ಆಸರೆಗೆ ಒತ್ತಿ ಹಾರಿಸಿದರೆ ಹಗುರ ತೋಟಾಗಳು ಸೋಲುತ್ತವೆ. ಇನ್ನೊಂದು ವಿಷಯ, ಇದರ ಬೋಲ್ಟನ್ನು ಸದ್ದಾಗದಂತೆ ಮೆತ್ತಗೆ ಮುಚ್ಚಿದರೆ ಬೋಲ್ಟಿನ ತಲೆ ಪೂರ್ತಿ ತಿರುಗಿ ಬಿಗಿಯದೆ ಉಳಿಯಬಹುದು. ಆಗ ಬರೀ 'ಕ್ಲಿಕ್', ಗುಂಡಿಲ್ಲ.

ಹಗುರ ತೋಟಾ ಎಂದರೆ ಎಷ್ಟು ಹಗುರ? ಹಾರುವ ಮಣ್ಣಿನ ಬಿಲ್ಲೆಗೆ ಗುಂಡು ಹೊಡೆಯುವ ಒಲಿಂಪಿಕ್ ಟ್ರ್ಯಾಪ್, ಸ್ಕೀಟ್‌ನಲ್ಲಿ ಚರೆ ಮಿತಿ 24 ಗ್ರಾಂ. ಅದನ್ನು 28 ಗ್ರಾಂ ತೋಟಾ ಜೊತೆ ಹೋಲಿಸಿ. ವೇಗ ಒಂದೇ ಎಂದುಕೊಂಡರೆ ಚರೆಯ ತೂಕ ಕಡಿಮೆಯಾಗಿದ್ದು ಏಳರಲ್ಲಿ ಒಂದು ಪಾಲು, ಅಷ್ಟೇ ಅಲ್ವಾ? ಕೋವಿ ಹಿಂದೆ ಸರಿಯುವ ವೇಗವೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಆದರೆ ಶಕ್ತಿ ವೇಗದ ವರ್ಗವನ್ನು ಅನುಸರಿಸುತ್ತದೆ. ಹಾಗಾಗಿ ಒದೆತದ ಶಕ್ತಿ ಸುಮಾರು ಕಾಲು ಭಾಗವೇ ಕಮ್ಮಿಯಾಗುತ್ತದೆ. ಮೊದಲೇ ಮಸಿ ಹಿಡಿದು ಅಂಚಿನಲ್ಲಿ ಓಡುತ್ತಿದ್ದ ಕೋವಿ ಇಲ್ಲೇ ನಿಲ್ಲುವುದು. ಒಂದು ಬಾಕ್ಸ್ ಭಾರದ ತೋಟಾ ಹಾಕಿ ನೋಡಿ. ಸರಾಗ ಓಡಿದರೆ ಕೊರತೆ ಶಕ್ತಿಯದು. ಆದರೆ ನಳಿಗೆ ಮೇಲೆ ಬರೆದಿರುವ ಅಳತೆ ಮೀರಬೇಡಿ. ತೋಟಾದ 70 ಮಿಲಿಮೀಟರ್, 76 ಮಿಲಿಮೀಟರ್ ಎಂಬ ಅಳತೆ ಬಾಯಿ ಬಿಚ್ಚಿಕೊಂಡ ಮೇಲಿನದು. ಮಡಚಿದ ಬಾಯಿಯ 76ರ ತೋಟಾ 70ರ ಚೇಂಬರ್‌ಗೆ ಸುಲಭವಾಗಿ ಹೋಗುತ್ತದೆ. ಹಾರಿದ ಮೇಲೆ ಉದ್ದವಾಗಿ ಕಿಂಡಿಗೆ ಅಡ್ಡ ಸಿಕ್ಕಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ವಿಷಯ, ಒಳಗಿನ ಒತ್ತಡ ಅಪಾಯಕ್ಕೆ ಏರುತ್ತದೆ.

ಖಾಲಿ ತೋಟಾ ಚೇಂಬರ್‌ನಲ್ಲೇ ಉಳಿದು, ಅದರ ಅಂಚಿನಲ್ಲಿ ಕೊಕ್ಕೆ ಕೆರೆದ ಗುರುತು ಇದ್ದರೆ ವಿಷಯ ಬೇರೆ. ಶಕ್ತಿ ಇತ್ತು, ಹಿಡಿತ ಜಾರಿತು. ಕೊಕ್ಕೆ ಸವೆದಿರಬಹುದು, ಅದರ ಕೆಳಗೆ ಕೊಳೆ ತುಂಬಿರಬಹುದು, ಚೇಂಬರ್‌ನಲ್ಲಿ ತುಕ್ಕು ಇರಬಹುದು. ತೋಟಾದ ಬುಡವನ್ನೂ ನೋಡಿ. ಅಗ್ಗದ ತೋಟಾಗಳಲ್ಲಿ ಅದು ಎಷ್ಟೋ ಸಲ ಹಿತ್ತಾಳೆ ಬಣ್ಣದ ಉಕ್ಕು, ಅಯಸ್ಕಾಂತ ಹಿಡಿದರೆ ಗೊತ್ತಾಗುತ್ತದೆ. ಒತ್ತಡಕ್ಕೆ ಹಿಗ್ಗಿದ ಹಿತ್ತಾಳೆ ಮತ್ತೆ ಚೆನ್ನಾಗಿ ಕುಗ್ಗಿ ಗೋಡೆ ಬಿಡುತ್ತದೆ. ಮೆದು ಉಕ್ಕು ಅಷ್ಟು ಕುಗ್ಗುವುದಿಲ್ಲ, ಚೇಂಬರ್‌ಗೆ ಕಚ್ಚಿಕೊಳ್ಳುತ್ತದೆ.

ಹೊಸ ತೋಟಾ ಬಾರದಿದ್ದರೆ ಮ್ಯಾಗಜಿನ್ ಸ್ಪ್ರಿಂಗ್ ಸೋತಿದೆಯಾ, ಕೊಳವೆಯಲ್ಲಿ ತುಕ್ಕಿದೆಯಾ ನೋಡಿ. ಒಟ್ಟಿಗೆ ಎರಡು ಬಂದರೆ ತೋಟಾ ತಡೆಯುವ ಚಿಲಕ ಸವೆದಿದೆ. ಬೋಲ್ಟ್ ಮುಚ್ಚಲು ಸೋಮಾರಿಯಾದರೆ ಬುಡದ ಮರದೊಳಗಿರುವ ವಾಪಸು ಸ್ಪ್ರಿಂಗ್ ನೋಡಬೇಕು. ಈ ಮೂರೂ ಕೋವಿಗಳಲ್ಲಿ ಅದು ಅಲ್ಲೇ ಇರುವುದು, ಕಣ್ಣಿಗೆ ಬೀಳದ ಕಾರಣ ಎಷ್ಟೋ ವರ್ಷ ಯಾರೂ ತೆಗೆಯುವುದಿಲ್ಲ. ಮಳೆಯಲ್ಲಿ ನೆಂದು ಬಂದ ಕೋವಿಯ ನೀರು ಅಲ್ಲಿಗೇ ಇಳಿಯುತ್ತದೆ.

ಟ್ರಿಗರ್ ಎಳೆದಾಗ ಬರೀ ಕ್ಲಿಕ್ ಆದರೆ ತಕ್ಷಣ ಬಿಚ್ಚಬೇಡಿ. ತಡವಾಗಿ ಹಾರುವ ತೋಟಾ ಇರುತ್ತದೆ, ಅರ್ಧ ನಿಮಿಷವಾದರೂ ನಳಿಗೆಯನ್ನು ಹಾಗೇ ಹಿಡಿದಿರಿ. ಆಮೇಲೆ ಬೋಲ್ಟ್ ತೆರೆದಾಗ ಚೇಂಬರ್ ಖಾಲಿ ಕಂಡರೂ ನಂಬಬೇಡಿ. 12 ಬೋರ್ ಕೋವಿಗೆ ತಪ್ಪಿ ಅದಕ್ಕಿಂತ ಸಪೂರವಾದ 20 ಬೋರ್ ತೋಟಾ ಹೋದರೆ ಅದು ಮುಂದಕ್ಕೆ ಜಾರಿ ನಳಿಗೆಯಲ್ಲಿ ಕೂರುತ್ತದೆ. ಅದರ ಹಿಂದೆ ಇನ್ನೊಂದು 12 ಬೋರ್ ತೋಟಾ ಆರಾಮಾಗಿ ಹಿಡಿಯುತ್ತದೆ. ಹಾರಿಸಿದರೆ ನಳಿಗೆಯೇ ಸಿಡಿಯುತ್ತದೆ. 20 ಬೋರ್ ತೋಟಾಕ್ಕೆ ಹಳದಿ ಬಣ್ಣ ಕೊಟ್ಟಿರುವುದು ಇದೇ ಕಾರಣಕ್ಕೆ. 'ಠುಸ್' ಎಂದು ಸದ್ದು ಕಮ್ಮಿಯಾಗಿ ಹಾರಿದಾಗಲೂ ಅಷ್ಟೇ. ಒಳಗೆ ವಾಡ್ (ಮದ್ದು, ಚರೆ ನಡುವಿನ ಬಿರಡೆ) ಉಳಿದಿರಬಹುದು. ತೋಟಾ ಎಲ್ಲ ತೆಗೆದು, ನಳಿಗೆ ಬಿಚ್ಚಿ, ಬೆಳಕಿಗೆ ಹಿಡಿದು ಆ ತುದಿಯಿಂದ ಈ ತುದಿಗೆ ನೋಡಿದ ಮೇಲೆಯೇ ಮುಂದಿನ ತೋಟಾ ತುಂಬಿ.